ಕಾರ್ಥೇಜ್ ಅಂದರೆ ಯಾವ ಕಾರ್ಥೇಜ್? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನೂರು ಹೊಸಪೇಟೆ. ಹೆಸರಿಗೆ ಹೊಸದು, ವಯಸ್ಸು ಸುಮಾರು ಐನೂರು ವರ್ಷ. ಕೃಷ್ಣದೇವರಾಯ ಕಟ್ಟಿಸಿದಾಗ ಇಟ್ಟ ಹೆಸರು ನಾಗಲಾಪುರ. ಜನ ಹೊಸ ಪೇಟೆ ಅಂದರು, ಅದೇ ನಿಂತಿತು. ಹಾಗಾಗಿ ಕಾರ್ಥೇಜ್ ಎಂಬ ಹೆಸರಿನ ಅರ್ಥ 'ಹೊಸ ಊರು' ಅಂತ ಮೊದಲ ಸಲ ಓದಿದಾಗ, ಎಲ್ಲೋ ಆಫ್ರಿಕಾದ ದಂಡೆಯಲ್ಲಿರುವ ಆ ಊರು ನನಗೆ ನೆಂಟರ ಊರಿನ ಹಾಗೆ ಕಂಡಿತು. ಅಂದಿನಿಂದ ಆ ಹೆಸರು ಕಣ್ಣಿಗೆ ಬಿದ್ದಲ್ಲೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತ ಬಂದಿದ್ದೇನೆ. ಈಗ ಮನೆಯವರು, ಗೆಳೆಯರು, ಪರೀಕ್ಷೆಗೆ ಓದುವ ಹುಡುಗರು ಎಲ್ಲರೂ ನನ್ನನ್ನೇ ಕೇಳುತ್ತಾರೆ. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಒಂದು ಕಡೆ ಸೇರಿಸಿದ್ದೇನೆ.

ಮೂಲ ಕಾರ್ಥೇಜ್ ಎಲ್ಲಿದೆ?

ಉತ್ತರ ಆಫ್ರಿಕಾದ ಟುನೀಶಿಯಾದಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ. ಈಗ ಅದು ರಾಜಧಾನಿ ಟುನಿಸ್ ನಗರದ ಒಂದು ಬಡಾವಣೆ. ಒಳ್ಳೆಯ ಮನೆಗಳು, ಬೇಲಿ ತುಂಬ ಬೋಗನ್‌ವಿಲ್ಲಾ, ನಡುನಡುವೆ ಎರಡು ಸಾವಿರ ವರ್ಷದ ಕಲ್ಲುಗಳು.

ಟುನಿಸ್‌ನಿಂದ ಕೆರೆಯ ಮೇಲಿನ ಏರಿಯಲ್ಲಿ ಹಾದು ಅಲ್ಲಿಗೆ ಒಂದು ಸಣ್ಣ ರೈಲು ಹೋಗುತ್ತದೆ. 1872ರಿಂದ ಓಡುತ್ತಿರುವ ಮಾರ್ಗ ಅದು. ಅದರ ನಿಲ್ದಾಣಗಳ ಹೆಸರು ನೋಡಿ: ಕಾರ್ಥೇಜ್ ಸಲಾಂಬೊ, ಕಾರ್ಥೇಜ್ ಬಿರ್ಸಾ, ಕಾರ್ಥೇಜ್ ಡೆರ್ಮೆಶ್, ಕಾರ್ಥೇಜ್ ಹನಿಬಾಲ್, ಕಾರ್ಥೇಜ್ ಪ್ರೆಸಿಡಾನ್ಸ್, ಕಾರ್ಥೇಜ್ ಅಮಿಲ್ಕಾರ್. ಒಂದೇ ಮಾರ್ಗದಲ್ಲಿ ಒಂದರ ಹಿಂದೆ ಒಂದು ಆರು ಕಾರ್ಥೇಜ್! ಬಿರ್ಸಾ ಅಂದರೆ ಹಳೆಯ ಕೋಟೆಗುಡ್ಡ. ಹನಿಬಾಲ್ ಗೊತ್ತೇ ಇದ್ದಾನೆ, ಆನೆಗಳ ಜೊತೆ ಆಲ್ಪ್ಸ್ ದಾಟಿ ರೋಮನ್ನರ ಮೇಲೆ ಹೋದ ಕಾರ್ಥೇಜಿನ ಸೇನಾಪತಿ. ಅಮಿಲ್ಕಾರ್ ಅವನ ಅಪ್ಪನ ಹೆಸರು. ಪ್ರೆಸಿಡಾನ್ಸ್‌ನಲ್ಲಿ ಇಳಿದರೆ ದೇಶದ ಅಧ್ಯಕ್ಷರ ಅರಮನೆ. ದಿಲ್ಲಿ ಏನಂತು ಅಂತ ನಾವು ಕೇಳುವ ಹಾಗೆ ಅಲ್ಲಿನ ಪತ್ರಿಕೆಗಳು 'ಕಾರ್ಥೇಜ್' ಅಂತ ಬರೆದರೆ ಎಷ್ಟೋ ಸಲ ಅದರರ್ಥ ಅಧ್ಯಕ್ಷರ ಕಚೇರಿ.

ಹೆಸರಿನ ಅರ್ಥ 'ಹೊಸ ಊರು' ಅಂತ ಹೇಗೆ ಗೊತ್ತು?

ಆ ಊರು ಕಟ್ಟಿದವರು ಫಿನೀಶಿಯನ್ನರು. ಇವತ್ತಿನ ಲೆಬನಾನಿನ ಟೈರ್ ಪಟ್ಟಣದಿಂದ ಹಡಗಿನಲ್ಲಿ ಬಂದವರು. ಹಳೆಯ ಲೇಖಕರು ಕೊಡುವ ವರ್ಷ ಕ್ರಿ.ಪೂ. 814. ಅವರ ಭಾಷೆಯಲ್ಲಿ 'ಕರ್ತ್' ಅಂದರೆ ಊರು, 'ಹದಶ್ತ್' ಅಂದರೆ ಹೊಸತು. ಎರಡೂ ಸೇರಿ ಕರ್ತ್ ಹದಶ್ತ್. ಹೀಬ್ರೂ ಇದೇ ಕುಟುಂಬದ ಭಾಷೆ, ಅದರಲ್ಲಿ ಇವತ್ತಿಗೂ ಹೊಸದಕ್ಕೆ 'ಹದಾಶ್' ಅನ್ನುತ್ತಾರೆ. ಗ್ರೀಕರ ಬಾಯಲ್ಲಿ ಅದು ಕಾರ್ಖೆಡೋನ್ ಆಯಿತು, ರೋಮನ್ನರ ಬಾಯಲ್ಲಿ ಕಾರ್ಥಾಗೊ, ಅರಬರ ಬಾಯಲ್ಲಿ ಕರ್ತಾಜ್. ಫ್ರೆಂಚರೂ ಇಂಗ್ಲಿಷರೂ ಬರೆದದ್ದನ್ನು ನೋಡಿ ನಾವು ಕಾರ್ಥೇಜ್ ಅಂದೆವು.

ಊರು ಬಿಟ್ಟು ಬಂದವರು ಬೇರೆ ಕಡೆ ನೆಲೆ ನಿಂತರೆ ಮೊದಲು ಬಾಯಿಗೆ ಬರುವ ಹೆಸರೇ ಇದು. ನಮ್ಮಲ್ಲಿ ಹೊಸೂರು, ಹೊಸಹಳ್ಳಿ, ಹೊಸಕೋಟೆ, ಹೊಸದುರ್ಗ, ಹೊಸನಗರ ಎಷ್ಟಿವೆ! ಗ್ರೀಕರ 'ನೆಯಾಪೊಲಿಸ್' ಕೂಡ ಇದೇ ಅರ್ಥದ್ದು. ಇಟಲಿಯ ನೇಪಲ್ಸ್, ಪ್ಯಾಲೆಸ್ಟೈನಿನ ನಾಬ್ಲುಸ್ ಎರಡೂ ಅದರಿಂದಲೇ ಬಂದವು.

ಇನ್ನೊಂದು ನನಗೆ ತುಂಬ ಇಷ್ಟವಾದ ವಿಷಯ. ಕಾರ್ಥೇಜಿನ ಹತ್ತಿರ ಅದಕ್ಕಿಂತ ಹಿರಿಯದೆಂದು ಹೇಳುವ ಫಿನೀಶಿಯನ್ ಪಟ್ಟಣ ಒಂದಿತ್ತು, ಯುಟಿಕಾ. ಅದರ ಹೆಸರು 'ಹಳೆಯದು' ಎಂಬ ಮಾತಿನಿಂದ ಬಂದಿದೆ ಅನ್ನುತ್ತಾರೆ ವಿದ್ವಾಂಸರು. ಒಂದು ಹಳೇಬೀಡು, ಒಂದು ಹೊಸಪೇಟೆ. ಸಮುದ್ರದಾಚೆಯೂ ಜನ ನಮ್ಮ ಹಾಗೇ ಹೆಸರಿಟ್ಟಿದ್ದಾರೆ.

ಎತ್ತಿನ ಚರ್ಮದ ಕಥೆ ನಿಜವೇ?

ಅದು ಐತಿಹ್ಯ. ಟೈರ್‌ನ ರಾಜಕುಮಾರಿ ಎಲಿಸ್ಸಾ (ರೋಮನ್ನರು ಕರೆದದ್ದು ಡೈಡೊ) ಒಡಹುಟ್ಟಿದವನ ಕಾಟ ತಾಳಲಾರದೆ ಓಡಿಬಂದಳಂತೆ. ಒಂದು ಎತ್ತಿನ ಚರ್ಮ ಮುಚ್ಚುವಷ್ಟು ಜಾಗ ಕೊಡಿ ಅಂತ ಅಲ್ಲಿಯವರನ್ನು ಕೇಳಿದಳಂತೆ. ಸರಿ ಅಂದರು. ಅವಳು ಆ ಚರ್ಮವನ್ನು ದಾರದಷ್ಟು ಸಣ್ಣಗೆ ಸೀಳಿ ಇಡೀ ಗುಡ್ಡ ಸುತ್ತಿಸಿಬಿಟ್ಟಳು. ಕಥೆ ಹುಟ್ಟಿದ್ದಕ್ಕೆ ಕಾರಣವೂ ಒಂದು ಹೆಸರೇ. ಗ್ರೀಕ್‌ನಲ್ಲಿ 'ಬಿರ್ಸಾ' ಅಂದರೆ ಚರ್ಮ. ಗುಡ್ಡದ ಫಿನೀಶಿಯನ್ ಹೆಸರು ಗ್ರೀಕರ ಕಿವಿಗೆ ಹಾಗೆ ಕೇಳಿಸಿತು, ಕಥೆ ಬೆಳೆಯಿತು. ಸ್ಥಳಪುರಾಣಗಳು ಹೀಗೆ ಹುಟ್ಟುವುದನ್ನು ನಾವೂ ನೋಡಿದ್ದೇವೆ, ಅಲ್ವಾ?

ರೋಮನ್ನರು ಊರನ್ನೇ ಸುಟ್ಟರಲ್ಲ, ಹೆಸರು ಹೇಗೆ ಉಳಿಯಿತು?

ಸುಟ್ಟದ್ದು ನಿಜ. ರೋಮ್ ಮತ್ತು ಕಾರ್ಥೇಜ್ ಮಧ್ಯೆ ಮೂರು ಯುದ್ಧ ನಡೆದವು, ಮೊದಲನೆಯದು ಕ್ರಿ.ಪೂ. 264ರಲ್ಲಿ ಶುರುವಾಯಿತು. ಮೂರನೆಯದರ ಕೊನೆಗೆ, ಕ್ರಿ.ಪೂ. 146ರಲ್ಲಿ, ರೋಮನ್ ಸೇನಾಪತಿ ಸ್ಕಿಪಿಯೊ ಎಮಿಲಿಯಾನಸ್ ಊರು ಹಿಡಿದ. ಬೀದಿ ಬೀದಿಯಲ್ಲಿ ಕಾದಾಟ, ಮನೆ ಮನೆಗೆ ಬೆಂಕಿ. ಬದುಕಿ ಉಳಿದವರನ್ನು ಗುಲಾಮರಾಗಿ ಮಾರಿದರು. ಆದರೆ ನೆಲಕ್ಕೆ ಉಪ್ಪು ಬಿತ್ತಿದರು ಎಂಬ ಮಾತು ಮಾತ್ರ ನಂಬಬೇಡಿ. ಆ ಕಾಲದ ಒಬ್ಬ ಲೇಖಕನೂ ಅದನ್ನು ಬರೆದಿಲ್ಲ. ತೀರಾ ಈಚೆಗೆ ಸೇರಿಕೊಂಡದ್ದು ಅದು. ಶಾಲೆಯ ಪುಸ್ತಕಗಳಲ್ಲಿ ಇನ್ನೂ ಇದ್ದರೆ ದಯವಿಟ್ಟು ಮಕ್ಕಳಿಗೆ ತಿದ್ದಿ ಹೇಳಿ.

ಹೆಸರು ಉಳಿಸಿದ್ದು ಸುಟ್ಟವರೇ. ಜಾಗ ಅಷ್ಟು ಚೆನ್ನಾಗಿತ್ತು. ಜೂಲಿಯಸ್ ಸೀಸರ್ ಅಲ್ಲಿ ಮತ್ತೆ ಊರು ಕಟ್ಟಲು ಯೋಜನೆ ಹಾಕಿದ, ಆಗಸ್ಟಸ್ ಮುಗಿಸಿದ. ಹೊಸ ಊರಿಗೂ ಹಳೆಯ ಹೆಸರೇ. ಅದು ಬೆಳೆದು ರೋಮನ್ ಆಫ್ರಿಕಾದ ದೊಡ್ಡ ನಗರವಾಯಿತು. ಇವತ್ತು ಪ್ರವಾಸಿಗಳು ಫೋಟೊ ತೆಗೆಯುವ ಆಂಟೊನೈನ್ ಸ್ನಾನಗೃಹಗಳು ಆ ಎರಡನೆಯ ಕಾರ್ಥೇಜಿನವು, ಹನಿಬಾಲನ ಊರಿನವಲ್ಲ. ಅಗಸ್ಟೀನ್ ಸಂತ ಹುಡುಗನಾಗಿದ್ದಾಗ ಓದಲು ಬಂದದ್ದೂ ಈ ಎರಡನೆಯ ಊರಿಗೇ. ಆಮೇಲೆ 439ರಲ್ಲಿ ವ್ಯಾಂಡಲರು, 533ರಲ್ಲಿ ಬೈಜಾಂಟೈನರು, 698ರಲ್ಲಿ ಅರಬರು ಅದನ್ನು ಗೆದ್ದರು. ಅರಬರ ಕಾಲದಲ್ಲಿ ಪಕ್ಕದ ಟುನಿಸ್ ಬೆಳೆಯಿತು, ಕಾರ್ಥೇಜಿನ ಕಂಬಗಳನ್ನೂ ಕಲ್ಲುಗಳನ್ನೂ ಅಲ್ಲಿಗೆ ಹೊತ್ತರು. ಹಂಪಿಯ ಕಲ್ಲು ಸುತ್ತಲಿನ ಹಳ್ಳಿಗಳ ಮನೆ ಗೋಡೆಗಳಲ್ಲಿ ಕಾಣುವ ಹಾಗೆ.

ಹನಿಬಾಲನ ಕಾಲದ್ದು ಏನಾದರೂ ನೋಡಬೇಕು ಅಂದರೆ ಬಂದರಿಗೆ ಹೋಗಬೇಕು. ಯುದ್ಧದ ಹಡಗುಗಳಿಗಾಗಿ ದುಂಡಗೆ ತೋಡಿದ ಬಂದರು, ನಡುವೆ ಒಂದು ದುಂಡಗಿನ ದ್ವೀಪ. ಅಲ್ಲಿ 220 ಹಡಗು ನಿಲ್ಲುತ್ತಿದ್ದವು ಎಂದು ಅಪ್ಪಿಯನ್ ಎಂಬ ಇತಿಹಾಸಕಾರ ಬರೆದಿದ್ದಾನೆ. ಈಗ ಅದು ನಮ್ಮ ಊರಿನ ಕಟ್ಟೆಯಷ್ಟು ಸುಮ್ನೆ ನಿಂತ ನೀರು, ಸುತ್ತ ಮನೆಗಳು.

1985ರಲ್ಲಿ ರೋಮ್ ಮತ್ತು ಕಾರ್ಥೇಜಿನ ಮೇಯರುಗಳು ಕೂತು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಯುದ್ಧ ಮುಗಿದು 2,100 ವರ್ಷದ ಮೇಲಾಗಿತ್ತು. ಸಾಂಕೇತಿಕ ಅಂತ ಕೆಲವರು ತಳ್ಳಿಹಾಕುತ್ತಾರೆ. ಒಂದು ಊರನ್ನು ಹಾಗೆ ಅಳಿಸಿದ್ದನ್ನು ಯಾರಾದರೂ ನೆನಪಿಟ್ಟು ಮಾತಾಡಿದರಲ್ಲ, ನನಗೆ ಅದು ದೊಡ್ಡದು.

ಸ್ಪೇನಿನ ಕಾರ್ತಹೇನಾ ಕೂಡ ಅದೇ ಹೆಸರೇ?

ಅದೇ. ಕ್ರಿ.ಪೂ. 227ರ ಸುಮಾರಿಗೆ ಹನಿಬಾಲನ ಅಕ್ಕನ ಗಂಡ ಹಸ್ದ್ರುಬಾಲ್ ಸ್ಪೇನಿನ ದಂಡೆಯಲ್ಲಿ ಒಂದು ಬಂದರು ಕಟ್ಟಿದ. ತವರಿನ ಹೆಸರನ್ನೇ ಇಟ್ಟ, ಕರ್ತ್ ಹದಶ್ತ್. ಸುತ್ತ ಬೆಳ್ಳಿಯ ಗಣಿಗಳಿದ್ದವು, ಬಂದರೂ ಚೆನ್ನಾಗಿತ್ತು. ಕ್ರಿ.ಪೂ. 209ರಲ್ಲಿ ರೋಮನ್ನರು ಅದನ್ನು ಗೆದ್ದರು. ಎರಡು ಕಾರ್ಥೇಜ್ ಆದರೆ ಗೊಂದಲ ಅಲ್ವಾ? ಅದಕ್ಕೆ ಇದನ್ನು 'ಕಾರ್ಥಾಗೊ ನೋವಾ' ಅಂದರು. ನೋವಾ ಅಂದರೂ ಹೊಸದೇ. ಅಂದರೆ ಹೊಸ ಹೊಸೂರು! ಮೂಲ ಹೆಸರಿನ ಅರ್ಥ ಮರೆತುಹೋದಾಗ ಹೀಗಾಗುತ್ತದೆ. ಆ ಲ್ಯಾಟಿನ್ ಹೆಸರು ಬಾಯಿಂದ ಬಾಯಿಗೆ ಸವೆದು ಕಾರ್ತಹೇನಾ ಆಗಿದೆ.

ಊರಿನ ಮಧ್ಯದಲ್ಲೇ ಹೂತುಹೋಗಿದ್ದ ರೋಮನ್ ರಂಗಮಂದಿರ 1988ರಲ್ಲಿ ಸಿಕ್ಕಿತು. ಮೇಲೆ ಮನೆ ಕಟ್ಟಿಕೊಂಡು ಬದುಕಿದ್ದವರಿಗೆ ಕೆಳಗೆ ಏನಿದೆ ಎಂದು ಗೊತ್ತೇ ಇರಲಿಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲಿ ಒಂದು ಹಬ್ಬವಿದೆ. ಊರಿನವರು ಎರಡು ಪಾಳೆಯವಾಗಿ, ಅರ್ಧ ಜನ ಕಾರ್ಥೇಜಿನವರ ವೇಷ, ಅರ್ಧ ಜನ ರೋಮನ್ನರ ವೇಷ ಹಾಕಿ ಹಳೆಯ ಯುದ್ಧವನ್ನು ಬೀದಿಯಲ್ಲಿ ಆಡುತ್ತಾರೆ.

ಕೊಲಂಬಿಯಾದಲ್ಲೂ ಒಂದು ಕಾರ್ತಹೇನಾ ಇದೆಯಲ್ಲ?

ಇದೆ, ಈಗ ಜಗತ್ತಿಗೆ ಜಾಸ್ತಿ ಗೊತ್ತಿರುವುದು ಅದೇ. 1533ರಲ್ಲಿ ಪೆದ್ರೊ ದೆ ಎರೆದಿಯಾ ಎಂಬ ಸ್ಪೇನಿನವನು ಕೆರಿಬಿಯನ್ ದಂಡೆಯಲ್ಲಿ ಅದನ್ನು ಸ್ಥಾಪಿಸಿದ. ಅಲ್ಲಿನ ಕೊಲ್ಲಿ ಸ್ಪೇನಿನ ಕಾರ್ತಹೇನಾದ ಕೊಲ್ಲಿಯ ಹಾಗೇ ಕಂಡದ್ದರಿಂದ ಆ ಹೆಸರು ಬಂತು ಎನ್ನುತ್ತಾರೆ. ಎರಡನ್ನೂ ಬೇರೆ ಮಾಡಲು ಪೂರ್ತಿ ಹೆಸರು 'ಕಾರ್ತಹೇನಾ ದೆ ಇಂದಿಯಾಸ್'. ಈ ಇಂದಿಯಾಸ್ ನಮ್ಮ ಇಂಡಿಯಾವೇ. ಕೊಲಂಬಸ್ ತಾನು ತಲುಪಿದ್ದು ಭಾರತದ ಕಡೆಯ ನೆಲ ಅಂದುಕೊಂಡ, ತಪ್ಪು ಗೊತ್ತಾದ ಮೇಲೂ ಸ್ಪೇನಿನವರು ಆ ಹೆಸರು ಬಿಡಲಿಲ್ಲ. ಹೀಗೆ ಲೆಬನಾನಿನವರು ಆಫ್ರಿಕಾದಲ್ಲಿ ಇಟ್ಟ ಹೆಸರು ಸ್ಪೇನಿಗೆ ಹೋಗಿ, ಅಲ್ಲಿಂದ ಅಮೆರಿಕಕ್ಕೆ ಬಂದು, ಭಾರತದ ಹೆಸರಿನ ಪಕ್ಕ ಕೂತಿದೆ. ನೋಟ್‌ಬುಕ್ಕಿನಲ್ಲಿ ಈ ಸಾಲಿನ ಕೆಳಗೆ ನಾನು ಎರಡು ಗೆರೆ ಎಳೆದಿದ್ದೇನೆ.

ಆ ಊರಿನ ಸೊಬಗು ಹೊಗಳುವವರು ಒಂದು ಮಾತು ಮರೆಯಬಾರದು. ಅಮೆರಿಕದ ಸ್ಪೇನ್ ರಾಜ್ಯಕ್ಕೆ ಆಫ್ರಿಕಾದ ಜನರನ್ನು ಗುಲಾಮರಾಗಿ ತಂದು ಇಳಿಸಿ ಮಾರಿದ ದೊಡ್ಡ ಬಂದರು ಅದು. ಬಣ್ಣದ ಬಾಲ್ಕನಿಗಳ ಕೆಳಗಿನ ಚೌಕಗಳಲ್ಲಿ ಆ ಸಂತೆ ನಡೆಯುತ್ತಿತ್ತು.

1741ರಲ್ಲಿ ಇಂಗ್ಲೆಂಡಿನ ನೌಕಾಧಿಕಾರಿ ವರ್ನನ್ ಭಾರಿ ಪಡೆ ತಂದು ಈ ಊರಿಗೆ ಮುತ್ತಿಗೆ ಹಾಕಿ ಸೋತ. ಗೆದ್ದೇಬಿಟ್ಟೆವು ಅಂತ ಇಂಗ್ಲೆಂಡಿನಲ್ಲಿ ಪದಕಗಳನ್ನೂ ಟಂಕಿಸಿದ್ದರು. ಅವನ ಪಡೆಯಲ್ಲಿದ್ದವರಲ್ಲಿ ಒಬ್ಬ ಲಾರೆನ್ಸ್ ವಾಷಿಂಗ್ಟನ್, ಜಾರ್ಜ್ ವಾಷಿಂಗ್ಟನ್ನನ ಮಲ ಅಣ್ಣ. ಊರಿಗೆ ಮರಳಿ ತನ್ನ ತೋಟಕ್ಕೆ ಆ ಅಧಿಕಾರಿಯ ಹೆಸರಿಟ್ಟ. ಅದೇ ಮೌಂಟ್ ವರ್ನನ್.

ಕಾರ್ತಾಗೊ ಅಂತಲೂ ಬರುತ್ತದೆ. ಅದು ಯಾವುದು?

ಸ್ಪ್ಯಾನಿಷ್‌ನಲ್ಲಿ ಮೂಲ ಕಾರ್ಥೇಜಿಗೆ ಕಾರ್ತಾಗೊ ಅನ್ನುತ್ತಾರೆ, ಅದೇ ಹೆಸರಿನ ಊರುಗಳೂ ಇವೆ. ಕೋಸ್ಟಾರಿಕಾದ ಕಾರ್ತಾಗೊ 1563ರದ್ದು, 1823ರವರೆಗೆ ಅದೇ ರಾಜಧಾನಿ. ಭೂಕಂಪಗಳಿಂದ ನಲುಗಿದ ಊರು. ಆಗಸ್ಟ್ 2ಕ್ಕೆ ಅಲ್ಲಿನ ಕರಿಯ ಕಲ್ಲಿನ ಮೇರಿ ಮಾತೆಯನ್ನು ನೋಡಲು ದೇಶದ ಮೂಲೆ ಮೂಲೆಯಿಂದ ಜನ ನಡೆದೇ ಬರುತ್ತಾರೆ. ಮೈಲಾರಕ್ಕೋ ಮಂತ್ರಾಲಯಕ್ಕೋ ಪಾದಯಾತ್ರೆ ಹೋಗುವವರಿಗೆ ಅದನ್ನು ವಿವರಿಸುವುದೇ ಬೇಡ.

ಕೊಲಂಬಿಯಾದ ಒಳನಾಡಿನಲ್ಲೂ ಒಂದು ಕಾರ್ತಾಗೊ ಇದೆ, 1540ರದ್ದು. ಕಾರ್ತಹೇನಾದಿಂದ ಬಂದ ಸೈನಿಕರು ಜಾಸ್ತಿ ಇದ್ದರು ಅಂತ ಆ ಹೆಸರು. 1691ರಲ್ಲಿ ಊರಿಗೆ ಊರೇ ಬೇರೆ ಕಡೆಗೆ ಹೋಯಿತು, ಹೆಸರನ್ನೂ ಹೊತ್ತುಕೊಂಡು. ಬಿಟ್ಟು ಹೋದ ಜಾಗದಲ್ಲಿ ಈಗ ಪೆರೇರಾ ನಗರವಿದೆ.

ಅಮೆರಿಕದ ಕಾರ್ಥೇಜ್‌ಗಳು?

ಬೇಕಾದಷ್ಟಿವೆ. ಮಿಸೌರಿ, ಇಲಿನಾಯ್, ಟೆಕ್ಸಾಸ್, ಟೆನೆಸ್ಸಿ, ಮಿಸಿಸಿಪ್ಪಿ, ನಾರ್ತ್ ಕೆರೊಲಿನಾ, ನ್ಯೂಯಾರ್ಕ್ ಎಲ್ಲ ಕಡೆ ಒಂದೊಂದು. 19ನೇ ಶತಮಾನದಲ್ಲಿ ಅಲ್ಲಿನವರಿಗೆ ಗ್ರೀಕ್, ರೋಮನ್ ಕಾಲದ ಹೆಸರೆಂದರೆ ಪ್ರಾಣ. ಟ್ರಾಯ್, ರೋಮ್, ಸಿರಾಕ್ಯೂಸ್, ಯುಟಿಕಾ ಎಲ್ಲ ನ್ಯೂಯಾರ್ಕ್ ರಾಜ್ಯದಲ್ಲೇ ಸಿಗುತ್ತವೆ.

ಎರಡು ಮಾತ್ರ ನೆನಪಿಡಿ. ಇಲಿನಾಯ್‌ನ ಕಾರ್ಥೇಜ್ ಜೈಲಿನಲ್ಲಿ 1844ರ ಜೂನ್ 27ರಂದು ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ನನ್ನು ಗುಂಪೊಂದು ನುಗ್ಗಿ ಕೊಂದಿತು. ಮಿಸೌರಿಯ ಕಾರ್ಥೇಜ್‌ನಲ್ಲಿ 1861ರ ಜುಲೈ 5ರಂದು ಅಮೆರಿಕದ ಅಂತರ್ಯುದ್ಧದ ಆರಂಭದ ಕಾಳಗಗಳಲ್ಲಿ ಒಂದು ನಡೆಯಿತು. ಇತಿಹಾಸದ ಪುಸ್ತಕದಲ್ಲಿ 'ಕಾರ್ಥೇಜ್ ಕದನ' ಎಂದಿದ್ದರೆ ಮೊದಲು ಇಸವಿ ನೋಡಿ.

ಕಾರ್ಥೇಜ್ ಕಾಲೇಜ್ ಕಾರ್ಥೇಜಿನಲ್ಲಿ ಇದೆಯೇ?

ಇಲ್ಲ. ವಿಸ್ಕಾನ್ಸಿನ್ ರಾಜ್ಯದ ಕೆನೋಶಾದಲ್ಲಿದೆ. 1870ರಲ್ಲಿ ಇಲಿನಾಯ್‌ನ ಕಾರ್ಥೇಜಿಗೆ ಬಂತು, ಹೆಸರು ಅಲ್ಲಿಂದ ಬಂತು. 1962ರಲ್ಲಿ ಕೆನೋಶಾಗೆ ಹೋಗುವಾಗ ಹೆಸರು ಜೊತೆಗೇ ಹೋಯಿತು. ಅಮೆರಿಕಕ್ಕೆ ಓದಲು ಹೊರಟ ಮಕ್ಕಳು ಅರ್ಜಿ ಹಾಕುವ ಮುಂಚೆ ನಕ್ಷೆ ನೋಡಿಕೊಳ್ಳಿ.

ಪರೀಕ್ಷೆಯಲ್ಲಿ ಬರುವ ಕಾರ್ಟಜೀನಾ ಪ್ರೋಟೊಕಾಲ್‌ಗೂ ಇದಕ್ಕೂ ಏನು ಸಂಬಂಧ?

ಕೆಎಎಸ್‌ಗೆ ಓದುವ ಹುಡುಗರು ಅತಿ ಹೆಚ್ಚು ಕೇಳುವುದು ಇದನ್ನೇ. ಪೂರ್ತಿ ಹೆಸರು ಕಾರ್ಟಜೀನಾ ಜೈವಿಕ ಸುರಕ್ಷತಾ ಒಪ್ಪಂದ. ಕುಲಾಂತರಿ ಜೀವಿಗಳು (ವಂಶವಾಹಿಯನ್ನು ಮನುಷ್ಯರು ಬದಲಿಸಿದವು) ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಯಾವ ಎಚ್ಚರ ವಹಿಸಬೇಕು ಎಂಬುದು ಅದರ ವಿಷಯ. ಹೆಸರು ಬಂದದ್ದು ಕೊಲಂಬಿಯಾದ ಊರಿನಿಂದ. 1999ರ ಫೆಬ್ರವರಿಯಲ್ಲಿ ಅಲ್ಲಿ ಸಭೆ ಸೇರಿ ಮುಗಿಸಬೇಕು ಅಂತಿತ್ತು. ದೇಶಗಳು ಒಪ್ಪಲಿಲ್ಲ, ಮುಗಿಯಲಿಲ್ಲ. ಒಪ್ಪಿಗೆಯಾದದ್ದು 2000ದ ಜನವರಿ 29ರಂದು, ಕೆನಡಾದ ಮಾಂಟ್ರಿಯಲ್‌ನಲ್ಲಿ. ಆದರೂ ಶುರುಮಾಡಿದ ಊರಿನ ಹೆಸರೇ ಉಳಿಯಿತು. ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 11ರಿಂದ. 'ಎಲ್ಲಿ ಅಂಗೀಕಾರವಾಯಿತು' ಎಂಬ ಪ್ರಶ್ನೆಗೆ ಕಾರ್ಟಜೀನಾ ಅಂತ ಬರೆದು ಅಂಕ ಕಳೆದುಕೊಳ್ಳಬೇಡಿ.

ಭಾರತ 2003ರ ಜನವರಿಯಲ್ಲಿ ಇದನ್ನು ಅನುಮೋದಿಸಿತು. ಸದಸ್ಯ ದೇಶಗಳ ಆರನೇ ಸಭೆ 2012ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲೇ ನಡೆಯಿತು. ಇದರಲ್ಲಿ ಮುಖ್ಯವಾದ ಒಂದು ಮಾತಿದೆ: ಅಪಾಯ ಖಚಿತವಾಗಿ ಗೊತ್ತಿಲ್ಲ ಎಂಬ ಕಾರಣಕ್ಕೆ ಎಚ್ಚರಿಕೆ ಕೈಬಿಡಬೇಕಿಲ್ಲ ಅನ್ನುವುದು. ಇದೇ ವಾದ ನಮ್ಮ ರೈತರ ಬಾಯಲ್ಲೂ ಕೇಳಿದ್ದೇವೆ. ಬಿಟಿ ಬದನೆ (ಅದೂ ಕುಲಾಂತರಿಯೇ) ಬೇಕೋ ಬೇಡವೋ ಅಂತ ಆಗಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ದೇಶದ ಏಳು ಊರುಗಳಲ್ಲಿ ಜನರ ಅಹವಾಲು ಕೇಳಿದರು. ಕೊನೆಯ ಸಭೆ ಬೆಂಗಳೂರಿನಲ್ಲಿ, 2010ರ ಫೆಬ್ರವರಿ 6ಕ್ಕೆ. ಮೂರು ದಿನ ಬಿಟ್ಟು ತಡೆ ಪ್ರಕಟವಾಯಿತು. ಬದನೆಕಾಯಿಯ ಜಗಳದ ಹಿಂದೆ ಇಂಥ ಒಂದು ಜಾಗತಿಕ ಚೌಕಟ್ಟಿದೆ ಎಂದು ತಿಳಿದರೆ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ.

ಇದೇ ಊರಿನ ಹೆಸರಿನ ಬೇರೆ ಒಪ್ಪಂದಗಳೂ ಇವೆ, ಬೆರಸಬೇಡಿ. 1969ರದ್ದು ಆಂಡೀಸ್ ದೇಶಗಳ ವ್ಯಾಪಾರಕ್ಕೆ. 1983ರದ್ದು ಕೆರಿಬಿಯನ್ ಸಮುದ್ರದ ರಕ್ಷಣೆಗೆ. 1984ರ ಘೋಷಣೆ ನಿರಾಶ್ರಿತರಿಗೆ.

ದಾಳಿಂಬೆಗೂ ಕಾರ್ಥೇಜಿಗೂ ನಂಟಿದೆಯಂತೆ, ಹೌದಾ?

ಹೌದು, ಇದನ್ನು ಹೇಳಲು ನನಗೆ ಯಾವಾಗಲೂ ಖುಷಿ. ದಾಳಿಂಬೆಯ ವೈಜ್ಞಾನಿಕ ಹೆಸರು ಪ್ಯೂನಿಕಾ ಗ್ರನೇಟಂ. ಗ್ರನೇಟಂ ಅಂದರೆ ಕಾಳು ತುಂಬಿದ್ದು. ಪ್ಯೂನಿಕಾ ಅಂದರೆ ಕಾರ್ಥೇಜಿನವರದ್ದು. ಫಿನೀಶಿಯನ್ ಎಂಬುದೇ ರೋಮನ್ನರ ಬಾಯಲ್ಲಿ 'ಪ್ಯೂನಿಕ್' ಆಗಿತ್ತು, ಮೂರು ಯುದ್ಧಗಳಿಗೂ ಅದೇ ಹೆಸರು. ದಾಳಿಂಬೆಯ ಮೂಲ ಇರಾನಿನ ಕಡೆ. ಆದರೆ ರೋಮನ್ನರಿಗೆ ಒಳ್ಳೆಯ ಹಣ್ಣು ಸಿಗುತ್ತಿದ್ದದ್ದು ಕಾರ್ಥೇಜ್ ಕಡೆಯಿಂದ, ಹಾಗಾಗಿ ಅವರು ಅದನ್ನು 'ಪ್ಯೂನಿಕ್ ಸೇಬು' ಅಂದರು. ಊರಿನ ಹೆಸರಲ್ಲ, ಊರಿನ ಜನರ ಹೆಸರು, ನಿಜ. ಆದರೂ ನನ್ನ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನ.

ನಮ್ಮ ಮನೆಗೆ ಕುಷ್ಟಗಿ ಕಡೆಯಿಂದ ಭಗವಾ ದಾಳಿಂಬೆಯ ಬಾಕ್ಸ್ ಬರುತ್ತದೆ. ದುಂಡಾಣು ಅಂಗಮಾರಿ ಬಂದ ವರ್ಷ ತೋಟ ಕಿತ್ತುಹಾಕಿ ಕಣ್ಣೀರಿಟ್ಟ ನೆಂಟರನ್ನು ನೋಡಿದ್ದೇನೆ. ಉಳಿದ ಹಣ್ಣನ್ನು ಕೆಡದ ಹಾಗೆ ಇಡುವುದು ಹೇಗೆ ಎಂಬುದು ಅವರ ದಿನದ ಚಿಂತೆ. ಇದೇ ಚಿಂತೆ ಕಾರ್ಥೇಜಿನವರಿಗೂ ಇತ್ತು! ಅಲ್ಲಿ ಮಾಗೊ ಎಂಬವನು ಬೇಸಾಯದ ಮೇಲೆ 28 ಸಂಪುಟದ ಪುಸ್ತಕ ಬರೆದಿದ್ದ. ಪುಸ್ತಕ ಹೋಗಿದೆ, ಆದರೆ ಕೊಲುಮೆಲ್ಲಾ ಎಂಬ ರೋಮನ್ ಲೇಖಕ ಅದರ ಒಂದು ವಿಧಾನವನ್ನು ಎತ್ತಿ ಬರೆದಿದ್ದಾನೆ. ಸಮುದ್ರದ ನೀರನ್ನು ಚೆನ್ನಾಗಿ ಕಾಯಿಸಿ. ದಾಳಿಂಬೆಗೆ ದಾರ ಕಟ್ಟಿ ಅದರಲ್ಲಿ ಇಳಿಬಿಡಿ, ಸಿಪ್ಪೆಯ ಬಣ್ಣ ತಿರುಗುವವರೆಗೆ. ಮೂರು ದಿನ ಬಿಸಿಲಿಗೆ ಹಾಕಿ. ಆಮೇಲೆ ತಂಪಾದ ಕಡೆ ತೂಗುಹಾಕಿ. ತಿನ್ನುವ ಮುಂಚೆ ಒಂದು ರಾತ್ರಿ ಒಂದು ಹಗಲು ಸಿಹಿನೀರಿನಲ್ಲಿ ನೆನೆಸಿ. ಕುಂಬಾರನ ಜೇಡಿಮಣ್ಣು ಬಳಿದು ಇಡುವ ಇನ್ನೊಂದು ಉಪಾಯವೂ ಇದೆ. ಇದನ್ನು ಓದಿ ಹೇಳಿದಾಗ ನಮ್ಮ ಅತ್ತೆ ಕೇಳಿದ್ದು ಒಂದೇ ಮಾತು: 'ಆಯಪ್ಪ ಒಕ್ಕಲುತನ ಮಾಡಿದವನೇ ಇರಬೇಕು.'

ಹಾಗಾದರೆ ಕುಸುಬೆಯೂ?

ಅಲ್ಲ. ಕುಸುಬೆಯ ವೈಜ್ಞಾನಿಕ ಹೆಸರು ಕಾರ್ಥಮಸ್, ಕೇಳಲು ಹಾಗೇ ಇದೆ. ಆದರೆ ಅದು ಅರಬ್ಬಿಯ 'ಕುರ್ತುಮ್' ಎಂಬ ಮಾತಿನಿಂದ ಬಂದದ್ದು. ನಾನೂ ಮೊದಲು ಪಟ್ಟಿಗೆ ಸೇರಿಸಿ, ಆಮೇಲೆ ಹೊಡೆದು ಹಾಕಿದೆ.

ಆಕಾಶದಲ್ಲೂ ಕಾರ್ಥೇಜ್ ಇದೆಯಾ?

ಶನಿ ಗ್ರಹದ ಸುತ್ತ ಡಯೋನಿ ಎಂಬ ಉಪಗ್ರಹವಿದೆ. ಅದರ ಮೇಲಿನ ಜಾಗಗಳಿಗೆ ರೋಮನ್ ಕವಿ ವರ್ಜಿಲ್‌ನ ಮಹಾಕಾವ್ಯದಿಂದ ಹೆಸರು ಆರಿಸಿದ್ದಾರೆ. ಎಲಿಸ್ಸಾ ಆ ಕಾವ್ಯದಲ್ಲಿ ಡೈಡೊ ಆಗಿ ಬರುತ್ತಾಳೆ. ಹಾಗಾಗಿ ಅಲ್ಲಿ ಡೈಡೊ ಎಂಬ ಕುಳಿ ಇದೆ, ಕಾರ್ಥೇಜ್ ಹೆಸರಿನ ಕಂದರಗಳಿವೆ. ವಾಯೇಜರ್ ನೌಕೆಯ ಚಿತ್ರಗಳಲ್ಲಿ ಡಯೋನಿಯ ಮೇಲೆ ಬಿಳಿ ಎಳೆಗಳು ಕಂಡಿದ್ದವು. ಅವು ಹೊಳೆಯುವ ಹಿಮದ ಕಡಿದಾದ ಗೋಡೆಗಳು ಎಂದು 2004ರಲ್ಲಿ ಕ್ಯಾಸಿನಿ ನೌಕೆ ಹತ್ತಿರದಿಂದ ನೋಡಿದಾಗ ಗೊತ್ತಾಯಿತು.

ಟುನೀಶಿಯಾದವರು ಈಗ ಈ ಹೆಸರನ್ನು ಹೇಗೆ ಬಳಸುತ್ತಾರೆ?

ಪ್ರೀತಿಯಿಂದ, ಎಲ್ಲ ಕಡೆ. ವಿಮಾನ ನಿಲ್ದಾಣ ಟುನಿಸ್-ಕಾರ್ಥೇಜ್. ಫುಟ್‌ಬಾಲ್ ತಂಡಕ್ಕೆ 'ಕಾರ್ಥೇಜಿನ ಹದ್ದುಗಳು' ಎಂಬ ಅಡ್ಡಹೆಸರು. ಮಾರ್ಸೆಯ ಕಡೆ ಹೋಗುವ ಒಂದು ದೊಡ್ಡ ಹಡಗಿಗೂ ಅದೇ ಹೆಸರು. ರೋಮನ್ ರಂಗಮಂದಿರದಲ್ಲಿ 1964ರಿಂದ ಬೇಸಿಗೆಯ ಸಂಗೀತೋತ್ಸವ ನಡೆಯುತ್ತದೆ. 1966ರಲ್ಲಿ ಶುರುವಾದ ಕಾರ್ಥೇಜ್ ಚಿತ್ರೋತ್ಸವ ಅರಬ್ ಮತ್ತು ಆಫ್ರಿಕನ್ ಸಿನಿಮಾಗಳಿಗೆ ಬಹಳ ಮುಖ್ಯವಾದ ವೇದಿಕೆ.

ಟಿಕೆಟ್ ಮಾಡಿಸುವಾಗ ಗೊಂದಲ ಆಗದ ಹಾಗೆ ಏನು ಮಾಡಬೇಕು?

ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಸಂಬಂಧಿಕರ ಹುಡುಗನೊಬ್ಬ ಕೊಲಂಬಿಯಾಗೆ ಹೊರಟಿದ್ದ. ವಿಮಾನ ಸರಿಯಾಗಿ ಬುಕ್ ಆಯಿತು. ಹೋಟೆಲ್ ರೂಮು ಮಾತ್ರ ಸ್ಪೇನಿನ ಕಾರ್ತಹೇನಾದಲ್ಲಿ. ಬುಕ್ಕಿಂಗ್ ಮಾಡಿಕೊಟ್ಟವರು ದುಡ್ಡು ವಾಪಸ್ ಕೊಡಲಿಲ್ಲ. ಅವನು ರಾತ್ರಿ ಹನ್ನೊಂದಕ್ಕೆ ಇಳಿದು ಹೊಸ ರೂಮು ಹುಡುಕಿದ.

ಊರಿನ ಹೆಸರು ಬಿಟ್ಟು ವಿಮಾನ ನಿಲ್ದಾಣದ ಮೂರು ಅಕ್ಷರದ ಸಂಕೇತ ನೋಡಿ. ಕೊಲಂಬಿಯಾದ್ದು ಸಿಟಿಜಿ. ಕಾರ್ಥೇಜಿಗೆ ಹೋಗಬೇಕಾದರೆ ಟುನಿಸ್‌ನ ಟಿಯುಎನ್. ಸ್ಪೇನಿನ ಕಾರ್ತಹೇನಾಕ್ಕೆ ಹತ್ತಿರದ ನಿಲ್ದಾಣ ಮುರ್ಸಿಯಾದ್ದು, ಆರ್‌ಎಂಯು. ಹೋಟೆಲ್ ಚೀಟಿಯಲ್ಲಿ ದೇಶದ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ.

ಕನ್ನಡದಲ್ಲಿ ಹೇಗೆ ಬರೆಯಬೇಕು?

ಮೂಲ ನಗರಕ್ಕೆ ಕಾರ್ಥೇಜ್ ಅಂತಲೇ ಬರೆಯಿರಿ, ನಮ್ಮ ಪಠ್ಯಗಳಲ್ಲಿ ಅದು ರೂಢಿಯಾಗಿದೆ. ಸ್ಪೇನ್, ಕೊಲಂಬಿಯಾದ ಊರುಗಳಿಗೆ ಅಲ್ಲಿನವರು ಹೇಳುವ ಕಾರ್ತಹೇನಾ ಒಳ್ಳೆಯದು. ಒಪ್ಪಂದಕ್ಕೆ ಮಾತ್ರ ಕಾರ್ಟಜೀನಾ ಅಂತ ಪರೀಕ್ಷೆಯ ಪುಸ್ತಕಗಳಲ್ಲಿ ನಿಂತುಬಿಟ್ಟಿದೆ, ಅದನ್ನು ಈಗ ಕದಲಿಸುವುದು ಬೇಡ.

ಕಾರ್ಥೇಜಿನವರೇ ತಮ್ಮ ಊರಿನ ಹೆಸರು ಬರೆದದ್ದು ಎಲ್ಲಾದರೂ ಸಿಗುತ್ತದೆಯೇ?

ಈ ಪ್ರಶ್ನೆ ಕೇಳಿದ್ದು ಹತ್ತನೇ ತರಗತಿಯ ಹುಡುಗಿ. ನನಗೆ ತುಂಬ ಹಿಡಿಸಿತು. ಏಕೆಂದರೆ ನಮಗೆ ಗೊತ್ತಿರುವ ಕಾರ್ಥೇಜಿನ ಕಥೆ ಬಹುಪಾಲು ಅವರ ಶತ್ರುಗಳು ಬರೆದದ್ದು. ಊರು ಬಿದ್ದಾಗ ಅಲ್ಲಿನ ಗ್ರಂಥಾಲಯಗಳನ್ನು ರೋಮನ್ನರು ಆಫ್ರಿಕಾದ ಸಣ್ಣಪುಟ್ಟ ರಾಜರಿಗೆ ಹಂಚಿಬಿಟ್ಟರು. ತಮಗೆ ಬೇಕು ಎಂದು ಲ್ಯಾಟಿನ್‌ಗೆ ತರಿಸಿಕೊಂಡದ್ದು ಮಾಗೊನ ಬೇಸಾಯದ ಪುಸ್ತಕ. ಅವರ ಕಾವ್ಯ, ಅವರ ಇತಿಹಾಸ, ಅವರ ನಗೆ ಯಾವುದೂ ನಮಗೆ ಬಂದಿಲ್ಲ. ಬಂದಿರುವುದು ಕಲ್ಲಿನ ಮೇಲಿನ ಹರಕೆಯ ಸಾಲುಗಳು, ಸಾವಿರಾರು.

ಮತ್ತೆ ನಾಣ್ಯಗಳು. ಕಾರ್ಥೇಜಿನವರು ಸಿಸಿಲಿಯಲ್ಲಿ ಟಂಕಿಸಿದ ಹಳೆಯ ಬೆಳ್ಳಿ ನಾಣ್ಯಗಳಿವೆ, ಸುಮಾರು 2,400 ವರ್ಷ ಹಿಂದಿನವು. ಒಂದು ಬದಿಯಲ್ಲಿ ಕುದುರೆಯ ಮುಂಭಾಗ, ಇನ್ನೊಂದರಲ್ಲಿ ಖರ್ಜೂರದ ಮರ. ಅದರ ಮೇಲೆ ಅವರದೇ ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಊರಿನ ಹೆಸರಿದೆ. ಸ್ವರ ಬರೆಯುವ ಪದ್ಧತಿ ಅವರಲ್ಲಿ ಇರಲಿಲ್ಲ, ಹಾಗಾಗಿ ಏಳೇ ಅಕ್ಷರ: ಕ, ರ, ತ, ಹ, ದ, ಶ, ತ. ಆ ಹುಡುಗಿ ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೆಳಗೆ ಕನ್ನಡದಲ್ಲಿ 'ಹೊಸೂರು' ಅಂತ ಸೇರಿಸಿದಳು.